ಪಂಜರ ಮುಟ್ಟಿದ ಮೇಲೆ ಮೂರು ನಿಮಿಷ

1. ಮೌಸ್ ಆಗಲಿ ರ‍್ಯಾಟ್ ಆಗಲಿ, ಒತ್ತಡ ತಿಳಿಯಲು ಅಳೆಯಬೇಕಾದ ಹಾರ್ಮೋನು ಕಾರ್ಟಿಕೋಸ್ಟೆರಾನ್. ಕಾರ್ಟಿಸಾಲ್ ಕಿಟ್ ತರಿಸಿ ದುಡ್ಡು ಕಳೆದುಕೊಳ್ಳಬೇಡಿ.

2. ಪಂಜರ ಅಲುಗಿದ ಸುಮಾರು ಮೂರು ನಿಮಿಷದೊಳಗೆ ರಕ್ತ ತೆಗೆಯಿರಿ. ಆಮೇಲೆ ಸಿಗುವುದು ನೀವೇ ಹುಟ್ಟಿಸಿದ ಒತ್ತಡ. ಮೊದಲ ವರ್ಷ ಒಂದೇ ಪಂಜರದ ಐದು ಇಲಿಗಳನ್ನು ಒಂದಾದ ಮೇಲೊಂದು ಎತ್ತಿ ರಕ್ತ ತೆಗೆದಿದ್ದೆ. ಅಂಕಿಗಳು ಚೆಲ್ಲಾಪಿಲ್ಲಿ. ತಿಂಗಳುಗಳಾದ ಮೇಲೆ, ನೋಟ್‌ಬುಕ್ಕಿನಲ್ಲಿ ಇಲಿಗಳನ್ನು ಎತ್ತಿದ ಕ್ರಮದಲ್ಲೇ ಅಂಕಿಗಳನ್ನು ಜೋಡಿಸಿ ನೋಡಿದೆ: ಮೆಟ್ಟಿಲು ಹತ್ತಿದಂತೆ ಏರಿದ್ದವು. ಐದನೆಯದು ಉಳಿದ ನಾಲ್ಕರ ಗಾಬರಿಯನ್ನೆಲ್ಲ ಕೇಳಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಆ ಜೀವಗಳನ್ನು ಹಾಳು ಮಾಡಿದೆನೆಂಬ ನೋವು ಇನ್ನೂ ಹೋಗಿಲ್ಲ.

3. ಇಲಿ ನಿಶಾಚರಿ. ದೀಪ ಆರುವ ಹೊತ್ತಿಗೆ ಅದರ ಹಾರ್ಮೋನು ತಾನಾಗಿಯೇ ಏರಿರುತ್ತದೆ. ಬೆಳಗಿನ, ಸಂಜೆಯ ಮಾದರಿಗಳನ್ನು ಬೆರೆಸಬೇಡಿ.

4. ಬಾಲ ಹಿಡಿದು ಎತ್ತಬೇಡಿ. ಹೀಗೆ ಎತ್ತಿದ ಮೌಸ್‌ಗಳಲ್ಲಿ ಆತಂಕ ಹೆಚ್ಚೆಂದು 2010ರಲ್ಲಿ ಜೇನ್ ಹರ್ಸ್ಟ್, ರೆಬೆಕಾ ವೆಸ್ಟ್ ತೋರಿಸಿದರು. ಪಂಜರದೊಳಗೆ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಡಿ. ಇಲಿ ಮೂಸಿ ನೋಡಿ, ಮೀಸೆ ಆಡಿಸಿ, ತಾನೇ ಒಳಗೆ ಹೋಗುತ್ತದೆ. ಕೊಳವೆ ಸಮೇತ ಎತ್ತಿಕೊಳ್ಳಿ. 2014ರಲ್ಲಿ ಜೆಫ್ರಿ ಮೋಗಿಲ್ ತಂಡ, ಗಂಡಸರ ವಾಸನೆಗೇ, ಅವರು ತೊಟ್ಟ ಅಂಗಿಯ ವಾಸನೆಗೂ, ಇಲಿಗಳು ಒತ್ತಡಕ್ಕೆ ಒಳಗಾಗುತ್ತವೆಂದು ಕಂಡಿತು. ಅಂದಿನಿಂದ ಯಾರು ಹಿಡಿದರೆಂದೂ ಬರೆದಿಡುತ್ತೇನೆ.

5. ಒತ್ತಡ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬ ಒಂದೇ ಸಾಲಿಗೆ ನಿಲ್ಲಬೇಡಿ. 1936ರಲ್ಲಿ ಹಾನ್ಸ್ ಸೆಲ್ಯೆ ರ‍್ಯಾಟ್‌ಗಳಲ್ಲಿ ಥೈಮಸ್ ಕುಗ್ಗಿ ಅಡ್ರಿನಲ್ ಗ್ರಂಥಿ ಊದಿದ್ದನ್ನು ಕಂಡಾಗಿನಿಂದ ಆ ಮಾತು ಬೇರೂರಿದೆ. ಆದರೆ ಫಿರ್ದೌಸ್ ಧಾಬರ್, ಬ್ರೂಸ್ ಮೆಕ್‌ಯುವೆನ್ ನೋಡಿದಂತೆ, ಎರಡು ಗಂಟೆಯ ಒತ್ತಡ ಚರ್ಮದ ಪ್ರತಿರಕ್ಷಾ ಪ್ರತಿಕ್ರಿಯೆಯನ್ನು ಹೆಚ್ಚಿಸಿತು. ವಾರಗಟ್ಟಲೆ ಎಳೆದ ಒತ್ತಡ ಅದನ್ನೇ ತಗ್ಗಿಸಿತು. ರಕ್ತದಲ್ಲಿ ಬಿಳಿಕಣ ಇಳಿದರೆ ಅವು ಸತ್ತವೆಂದುಕೊಳ್ಳಬೇಡಿ. ಚರ್ಮದಂಥ ಗಡಿಗಳಿಗೆ ಹೊರಟಿರಬಹುದು.

6. ಒತ್ತಡದ ಹಾರ್ಮೋನು, ಪ್ರತಿರಕ್ಷೆ ಇವುಗಳ ನಡುವೆ ಸಂಕೇತ ಎರಡೂ ಕಡೆಯಿಂದ ಹರಿಯುತ್ತದೆ. ಸೋಂಕಾದಾಗ ಪ್ರತಿರಕ್ಷಾ ಕಣಗಳು ಬಿಡುವ ಇಂಟರ್‌ಲ್ಯೂಕಿನ್-1 ಮಿದುಳಿನ ಮೂಲಕ ಅಡ್ರಿನಲ್ಲನ್ನು ಎಬ್ಬಿಸುತ್ತದೆ. ಅಲ್ಲಿಂದ ಬಂದ ಕಾರ್ಟಿಕೋಸ್ಟೆರಾನ್, ಉರಿಯೂತದ ಸಂಕೇತಗಳಾದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6ಗಳ ಉತ್ಪತ್ತಿಗೆ ಕಡಿವಾಣ ಹಾಕುತ್ತದೆ. ಅದಕ್ಕೇ ಅಡ್ರಿನಲ್ ತೆಗೆದ ಪ್ರಾಣಿ, ಉಳಿದವು ತಾಳಿಕೊಳ್ಳುವಷ್ಟು ಬ್ಯಾಕ್ಟೀರಿಯಾ ವಿಷಕ್ಕೇ ಸತ್ತುಹೋಗುತ್ತದೆ.

7. ಅಂಥ ಪ್ರಾಣಿಗೆ ಉಪ್ಪುನೀರು ಬೇಕೇ ಬೇಕು. ಮೈಯಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನೂ ಗ್ರಂಥಿಯ ಜೊತೆ ಹೋಗಿರುತ್ತದೆ. ಶನಿವಾರ, ಭಾನುವಾರ ಬಾಟಲಿ ತುಂಬಿಸುವವರು ಯಾರೆಂದು ಶುಕ್ರವಾರವೇ ಪಂಜರದ ಚೀಟಿಯ ಮೇಲೆ ಬರೆದು ಅಂಟಿಸಿ.