ಶಾಖದ ಕಾವಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಅರ್ಧ ಭಾಗ ಒಲೆಯೇ. ಮಣ್ಣಿನ ಕಟ್ಟೆಯಲ್ಲಿ ಹುದುಗಿಸಿದ ತಾಮ್ರದ ಹಂಡೆ, ಅದರ ಅಡಿಯಲ್ಲಿ ಉರಿಯ ಬಾಯಿ. ಬಳ್ಳಾರಿ ಜಾಲಿಯ ಕೊರಡು, ತೆಂಗಿನ ಮಟ್ಟೆ, ಕಡಲೆಕಾಯಿಯ ಸಿಪ್ಪೆ, ಹೀಗೆ ಕಾಲಕ್ಕೆ ಒದಗಿದ್ದೇ ಉರುವಲು. ನೀರು ಹದಕ್ಕೆ ಬಂದಿತೆಂದು ಸಾರುವ ಯಂತ್ರವೇನೂ ಅಲ್ಲಿರಲಿಲ್ಲ. ಮನೆಯ ಹಿರಿಯಾಕೆ ಹಂಡೆಯ ಕಂಠವನ್ನು ಬೆರಳಿನಿಂದ ಮುಟ್ಟಿ ನೋಡಿ ಕೊಳ್ಳಿಯನ್ನು ಹಿಂದಕ್ಕೆಳೆಯುತ್ತಿದ್ದಳು. ನೀರು ಆರಿದರೆ ಮತ್ತೆ ಮುಂದಕ್ಕೆ ತಳ್ಳುತ್ತಿದ್ದಳು. ಶಾಖವನ್ನು ಅರಿಯುವ ಬೆರಳು, ಉರಿಯನ್ನು ತಡೆಯುವ ಕೈ, ಇವೆರಡರ ಕೆಲಸವನ್ನು ಒಂದೇ ಸಾಧನಕ್ಕೆ ಒಪ್ಪಿಸಿದರೆ ಅದೇ ಥರ್ಮೋಸ್ಟಾಟ್.

ಒಲೆಯನ್ನು ಸುಧಾರಿಸುವ ಪ್ರಯತ್ನ ನಮ್ಮ ಜಿಲ್ಲೆಯಲ್ಲಿಯೇ ನಡೆದುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗವು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ತನ್ನ ಕೇಂದ್ರವನ್ನು ತೆರೆದು, ಹಳ್ಳಿಗಳ ಇಂಧನದ ಸಮಸ್ಯೆಯನ್ನು ಅಭ್ಯಾಸ ಮಾಡಿತು. ಅಲ್ಲಿಯ ಶ್ರಮದಿಂದ ರೂಪುಗೊಂಡುದೇ ಅಸ್ತ್ರ ಒಲೆ. ಕೆಳಗೆ ಕಬ್ಬಿಣದ ಜಾಲರಿ, ಮುಚ್ಚಿದ ಉರಿಗೂಡು, ಹೊಗೆಗೊಂದು ಕೊಳವೆ. ಗಾಳಿಯನ್ನು ಹದವಾಗಿ ಬಿಟ್ಟರೆ ಉರಿಯೂ ಹದವಾಗಿರುತ್ತದೆಂಬ ಸರಳ ತತ್ತ್ವ ಅದರ ಹಿಂದಿದೆ. ಆದರೂ ಕೊಳ್ಳಿಯನ್ನು ಎಳೆಯುವ ಕೈ ಅಲ್ಲಿಯೂ ಮನುಷ್ಯನದೇ.

ಆ ಕೈಗೆ ಬಿಡುವು ದೊರೆತುದು ಲೋಹಗಳ ಒಂದು ಗುಣದಿಂದ. ಕಾದಾಗ ಲೋಹಗಳೆಲ್ಲವೂ ಹಿಗ್ಗುತ್ತವೆ. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ತನ್ನ ಹಡಗಿನ ಗಡಿಯಾರಕ್ಕಾಗಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯನ್ನು ಬಳಸಿದನು. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಅಂಥದೇ ಪಟ್ಟಿಯಿಂದ ಶಾಖವನ್ನು ನಿಯಂತ್ರಿಸುವ ಸಾಧನಕ್ಕೆ ಹಕ್ಕುಪತ್ರ ಪಡೆದನು. ಇಂದು ಅನೇಕ ಗೀಸರುಗಳಲ್ಲಿರುವ ಥರ್ಮೋಸ್ಟಾಟ್ ಒಂದು ನೀಳವಾದ ಹಿತ್ತಾಳೆಯ ನಳಿಗೆ. ಅದರೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಕಡ್ಡಿ ಇರುತ್ತದೆ. ಕಾದಾಗ ಹಿತ್ತಾಳೆ ಉದ್ದವಾಗುತ್ತದೆ. ಇನ್ವಾರ್ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಈ ಲೋಹವನ್ನು ಕಂಡುಹಿಡಿದ ಗಿಯೋಮನಿಗೆ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಎರಡರ ನಡುವಣ ಕೂದಲೆಳೆಯಷ್ಟು ವ್ಯತ್ಯಾಸವೇ ಮೇಲಿನ ಸಂಪರ್ಕವನ್ನು ಟಕ್ಕೆಂದು ಬಿಡಿಸುತ್ತದೆ. ಮೆಲ್ಲನೆ ಬಿಡಿಸಿದರೆ ಕಿಡಿ ಹಾರಿ ತುದಿಗಳು ಸುಟ್ಟುಹೋಗುವುದರಿಂದ ಈ ಅವಸರ ಅವಶ್ಯಕ.

ಮಧುಗಿರಿಯ ಒಂದು ಮನೆಯಲ್ಲಿ ಚಳಿಗಾಲದ ಒಂದು ಮುಂಜಾನೆ ಗೀಸರಿನ ನೀರು ಬಿಸಿಯಾಗಲಿಲ್ಲ. ದೀಪ ಉರಿಯುತ್ತಿತ್ತು, ನೀರು ಮಾತ್ರ ತಣ್ಣಗಿತ್ತು. ಬಂದ ತರುಣ ಕೆಲಸಗಾರ ಮುಚ್ಚಳ ತೆಗೆದು ನೋಡಿ, “ಥರ್ಮೋಸ್ಟಾಟ್ ಹೋಗಿದೆ ಸಾರ್. ಸದ್ಯಕ್ಕೆ ಡೈರೆಕ್ಟ್ ಮಾಡಿಬಿಡ್ತೀನಿ, ಸಾಮಾನು ಬಂದ ಮೇಲೆ ಹಾಕೋಣ” ಎಂದನು. ಡೈರೆಕ್ಟ್ ಮಾಡುವುದೆಂದರೆ ಥರ್ಮೋಸ್ಟಾಟನ್ನು ಬಿಟ್ಟು, ವಿದ್ಯುತ್ತನ್ನು ನೇರವಾಗಿ ಕಾಯಿಲಿಗೆ ಕೊಡುವುದು. ಮನೆಯ ಯಜಮಾನರು ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ ಅವನಿಗೆ ಕೆಲಸ ಕಲಿಸಿದ ಹಿರಿಯನೂ ಬಂದು, “ಬೇಡಪ್ಪ, ಮೊದಲು ನೋಡು” ಎಂದು ತಡೆದನು.

ಹಿರಿಯನ ಶೋಧನೆಯ ಕ್ರಮ ಗಮನಿಸತಕ್ಕದ್ದು. ಗೋಡೆಯ ಸ್ವಿಚ್ಚನ್ನಷ್ಟೇ ನಂಬದೆ ಮೊದಲು ಮೈನನ್ನು ಆರಿಸಿದನು. ಟೆಸ್ಟರಿನಿಂದ ಮುಟ್ಟಿ ಎಲ್ಲಿಯೂ ವಿದ್ಯುತ್ತಿಲ್ಲವೆಂದು ಖಚಿತಪಡಿಸಿಕೊಂಡನು. ಬಳಿಕ ತಂತಿಗಳನ್ನು ಬಿಡಿಸಿ, ಮೀಟರಿನಿಂದ ಕಾಯಿಲಿನ ರೋಧವನ್ನು ಅಳೆದನು. 230 ವೋಲ್ಟಿಗೆ 2000 ವಾಟಿನ ಕಾಯಿಲೆಂದರೆ ಅದರ ರೋಧ ಸುಮಾರು 26 ಓಮ್ ಇರಬೇಕು, ಇತ್ತು. ತಣ್ಣಗಿರುವ ಥರ್ಮೋಸ್ಟಾಟಿನ ಎರಡು ತುದಿಗಳ ನಡುವೆ ರೋಧ ಹೆಚ್ಚುಕಡಿಮೆ ಸೊನ್ನೆಯಾಗಬೇಕು; ಅದೂ ಆಗಿತ್ತು. ಕಾಯಿಲೂ ಸರಿ, ಥರ್ಮೋಸ್ಟಾಟೂ ಸರಿ ಎಂದ ಮೇಲೆ ಉಳಿದುದು ಇವೆರಡನ್ನೂ ಕೂಡಿಸುವ ತಂತಿಯೇ. ತಿರುಪಿನ ಅಡಿಯಲ್ಲಿದ್ದ ಅದರ ತುದಿ ಕಪ್ಪಾಗಿ, ಹೊದಿಕೆ ಕರಗಿ, ಬೆರಳು ತಾಕಿದೊಡನೆ ಉದುರಿತು. ದೀಪಕ್ಕೆ ಹೋಗುವ ತಂತಿ ಅದಕ್ಕಿಂತ ಮೊದಲೇ ಕವಲೊಡೆದಿದ್ದುದರಿಂದ ದೀಪವೇನೋ ಉರಿಯುತ್ತಲೇ ಇತ್ತು.

ತಿರುಪು ಸಡಿಲವಾದುದಕ್ಕೆ ಇಷ್ಟೊಂದು ಅನಾಹುತವೇ ಎಂದು ಆಶ್ಚರ್ಯಪಡಬೇಕಾಗಿಲ್ಲ. ಅಂಥ ಗೀಸರು ಸುಮಾರು 8.7 ಆಂಪೇರ್ ವಿದ್ಯುತ್ತನ್ನು ಎಳೆಯುತ್ತದೆ. ಸಡಿಲವಾದ ಕೂಡಿಕೆಯಲ್ಲಿ ಅರ್ಧ ಓಮ್ ರೋಧ ಹುಟ್ಟಿದರೂ ಅಲ್ಲಿ 38 ವಾಟ್ ಶಾಖ ಉತ್ಪತ್ತಿಯಾಗುತ್ತದೆ; ರೇಡಿಯೊ ರಿಪೇರಿಯವನ ಬೆಸುಗೆ ಕಡ್ಡಿಗಾಗುವಷ್ಟು ಶಾಖ ಒಂದು ತಿರುಪಿನ ತಲೆಯ ಮೇಲೆ! ಕಾದಷ್ಟೂ ತಾಮ್ರದ ಮೈ ಕಿಲುಬುಗಟ್ಟಿ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಷ್ಟೂ ಮತ್ತೆ ಕಾಯುತ್ತದೆ.

ಡೈರೆಕ್ಟ್ ಮಾಡಿದ್ದರೆ ನೀರೇನೋ ಅಂದೇ ಬಿಸಿಯಾಗುತ್ತಿತ್ತು. ಆದರೆ ಯಾರಾದರೂ ಸ್ವಿಚ್ಚು ಆರಿಸುವುದನ್ನು ಮರೆತು ಸಂತೆಗೆ ಹೋದರೆಂದು ಭಾವಿಸೋಣ. ಹಂಡೆಯ ಬಾಯಿ ತೆರೆದಿರುತ್ತಿತ್ತು. ನೀರು ಕುದಿದರೆ ಆವಿ ಹೊರಗೆ ಹೋಗುತ್ತಿತ್ತು, ಕೊಳ್ಳಿ ತಾನಾಗಿ ಬೂದಿಯಾಗುತ್ತಿತ್ತು. ಗೀಸರು ಮುಚ್ಚಿದ ಪಾತ್ರೆ, ಅದರ ಉರಿಗೆ ಬೂದಿಯಾಗುವುದೆಂಬುದಿಲ್ಲ. ಥರ್ಮೋಸ್ಟಾಟ್ ತಪ್ಪಿದರೆ ವಿದ್ಯುತ್ತನ್ನು ಕಡಿಯಲು ಇನ್ನೊಂದು ಸಾಧನವೂ, ಒತ್ತಡವನ್ನು ಹೊರಗೆ ಬಿಡಲು ರಕ್ಷಣಾ ಕವಾಟವೂ ಇರುತ್ತವೆಂಬುದು ನಿಜ. ಆದರೆ ಅವಸರದ ಕೆಲಸದಲ್ಲಿ ಮೊದಲನೆಯದನ್ನೂ ಸೇರಿಸಿಯೇ ಬಿಟ್ಟುಬಿಡುವವರುಂಟು. ತೊಟ್ಟಿಕ್ಕುತ್ತದೆಂದು ಕವಾಟದ ಬಾಯಿಗೆ ಬಿರಡೆ ಬಡಿಯುವವರೂ ಉಂಟು. ಮೂರು ಕಾವಲೂ ತಪ್ಪಿದ ಗೀಸರು ಸಿಡಿದರೆ ಬಚ್ಚಲಿನ ಗೋಡೆ ನಿಲ್ಲುವುದೂ ಸಂದೇಹ.

ಈ ಸೀಮೆಯಲ್ಲಿ ಕವಾಟ ಕಟ್ಟಿಕೊಳ್ಳಲು ಬಿರಡೆಯೂ ಬೇಕಾಗಿಲ್ಲ. ಆಳವಾದ ಕೊಳವೆಬಾವಿಗಳ ನೀರು ಬಲು ಗಡಸು. ಕಾದೊಡನೆ ಅದರಲ್ಲಿ ಕರಗಿರುವ ಸುಣ್ಣದ ಅಂಶ ಬೇರ್ಪಟ್ಟು ಬೆಳ್ಳಗೆ ಹೆಕ್ಕಳಿಕೆಗಟ್ಟುತ್ತದೆ. ಹಂಡೆಯಲ್ಲಾದರೆ ಅದನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ತೆಗೆಯುತ್ತಿದ್ದರು. ಗೀಸರಿನೊಳಗೆ ಕೈ ಹೋಗದು. ಹೆಕ್ಕಳಿಕೆ ಹೊದ್ದ ಕಾಯಿಲು ತನ್ನ ಶಾಖವನ್ನು ನೀರಿಗೆ ಸರಾಗವಾಗಿ ಕೊಡಲಾರದೆ ತಾನೇ ಸುಡುತ್ತದೆ. ಹೆಕ್ಕಳಿಕೆ ಹೊದ್ದ ಥರ್ಮೋಸ್ಟಾಟಿಗೆ ನೀರಿನ ಶಾಖ ತಡವಾಗಿ ತಿಳಿಯುತ್ತದೆ. ಬಿಸಿಲಿಗೆ ಹೆಸರಾದ ಪಾವಗಡದಲ್ಲಿ ಮಾಳಿಗೆಯ ಮೇಲೆ ಸೌರಹಂಡೆ ಇಟ್ಟವರು ಕೂಡ, ಮೋಡದ ದಿನಗಳಿಗೆಂದು ಅದರೊಳಗೆ ವಿದ್ಯುತ್ ಕಾಯಿಲನ್ನು ಕೂಡಿಸಿದ್ದರೆ, ಈ ತೊಂದರೆಯಿಂದ ಪಾರಾದಂತಲ್ಲ.

ಮಧುಗಿರಿಯ ಆ ಮನೆಯಲ್ಲಿ ಹಿರಿಯನು ಸುಟ್ಟ ತಂತಿಯನ್ನು ಕತ್ತರಿಸಿ ಎಸೆದು, ಶಾಖ ತಡೆಯುವ ಹೊದಿಕೆಯ ಹೊಸ ತಂತಿಗೆ ತಾಮ್ರದ ಲಗ್ ಒತ್ತಿ, ತಿರುಪನ್ನು ಬಿಗಿಮಾಡಿದನು. ಅರ್ಥ್ ತಂತಿಯನ್ನು ಎಳೆದು ನೋಡಿ, ಗಟ್ಟಿಯಾಗಿದೆಯೆಂದು ತಿಳಿದ ಮೇಲೆಯೇ ಮುಚ್ಚಳ ಹಾಕಿದನು. ಇಪ್ಪತ್ತೈದು ಲೀಟರು ನೀರು 20 ಡಿಗ್ರಿಯಿಂದ 60 ಡಿಗ್ರಿಗೇರಲು 2000 ವಾಟಿಗೆ ಸುಮಾರು 35 ನಿಮಿಷ ಬೇಕು. ತರುಣನನ್ನು ಅಷ್ಟು ಹೊತ್ತೂ ಅಲ್ಲಿಯೇ ಕೂರಿಸಿದನು. ಮೂವತ್ತಾರನೆಯ ನಿಮಿಷಕ್ಕೆ ಒಳಗೆ ಟಕ್ಕೆಂದು ಸದ್ದಾಗಿ, ಅದುವರೆಗಿನ ಸಣ್ಣ ಗುಂಯ್‌ಗುಡುವಿಕೆ ನಿಂತಿತು.