ಜೀವಕೋಶಗಳ ಮಾತುಕತೆ



ಪರೀಕ್ಷೆಗೆ ಹಾರ್ಮೋನುಗಳ ಪಟ್ಟಿಯನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಮುಗಿದ ಮಾರನೇ ದಿನ ಮರೆತೂ ಬಿಡುತ್ತೇವೆ. ನಮ್ಮಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಒಂದು ದಿನ ಅಜ್ಜಿ, "ಕಾಫಿಗೆ ಸಕ್ಕರೆ ಹಾಕೋದೇ ಬಿಟ್ಟಿದೀನಿ. ಆದ್ರೂ ರಕ್ತದಲ್ಲಿ ಸಕ್ಕರೆ ಎಲ್ಲಿಂದ ಬತ್ತೈತೋ ಮಗ? ಈ ಮಾತ್ರೆನೂ ಬಿಟ್ಬಿಡ್ತೀನಿ" ಅಂದರು. ಪಟ್ಟಿ ಬಾಯಿಗೆ ಬರುತ್ತಿತ್ತು, ಉತ್ತರ ಬರಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ದೇಹದಲ್ಲಿ ಅಂದಾಜು 30 ಲಕ್ಷ ಕೋಟಿ ಜೀವಕೋಶಗಳಿವೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸದಿದ್ದರೆ ದೇಹ ನಡೆಯುವುದಿಲ್ಲ. ಹಿಂದೆ ಊರಲ್ಲಿ "ರೇಷನ್ ಬಂದೈತೆ" ಎಂದು ಡಂಗುರ ಸಾರಿದರೆ ಎಲ್ಲರ ಕಿವಿಗೂ ಬೀಳುತ್ತಿತ್ತು. ಆದರೆ ಚೀಲ ಹಿಡಿದು ಹೋಗುತ್ತಿದ್ದವರು ಕಾರ್ಡು ಇದ್ದವರು ಮಾತ್ರ. ಹಾರ್ಮೋನೂ ಹಾಗೆಯೇ. ರಕ್ತದ ಜೊತೆ ಎಲ್ಲ ಕಡೆ ಹೋಗುತ್ತದೆ, ಆದರೆ ಅದಕ್ಕೆ ತಕ್ಕ 'ಗ್ರಾಹಕ' ಇರುವ ಜೀವಕೋಶ ಮಾತ್ರ ಆ ಸುದ್ದಿಯನ್ನು ತೆಗೆದುಕೊಳ್ಳುತ್ತದೆ. ಗ್ರಾಹಕವೇ ಅದರ ಕಾರ್ಡು.

ಯಾವ ಹಾರ್ಮೋನಿನ ಪಾಠ ಬಂದರೂ ಐದು ಪ್ರಶ್ನೆ ಕೇಳಿ ಎಂದರು ಮೇಷ್ಟ್ರು. ಇನ್ಸುಲಿನ್‌ಗೆ ಕೇಳೋಣ.

1. ಸುದ್ದಿ ಕಳಿಸಿದವರು ಯಾರು? ಊಟವಾದ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳು ಅದನ್ನು ಗುರುತಿಸಿ ಇನ್ಸುಲಿನ್ ಬಿಡುತ್ತವೆ.

2. ಯಾವ ದಾರಿಯಲ್ಲಿ ಹೋಯಿತು? ರಕ್ತದಲ್ಲಿ.

3. ಕೇಳಿಸಿಕೊಂಡವರು ಯಾರು? ಮುಖ್ಯವಾಗಿ ಸ್ನಾಯು, ಕೊಬ್ಬು ಮತ್ತು ಯಕೃತ್ತಿನ ಜೀವಕೋಶಗಳು.

4. ಕೇಳಿ ಏನು ಮಾಡಿದರು? ಇಲ್ಲೇ ಸ್ವಾರಸ್ಯ ಇರೋದು. ಸುದ್ದಿ ಒಂದೇ, ಕೆಲಸ ಬೇರೆ ಬೇರೆ. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ಒಳಗಿದ್ದ ಗ್ಲೂಕೋಸ್ ಬಾಗಿಲುಗಳನ್ನು ಹೊರಪೊರೆಗೆ ತಂದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡೋದನ್ನು ತಗ್ಗಿಸಿ, ಗ್ಲೈಕೋಜನ್ ಮಾಡಿ ಕೂಡಿಡುತ್ತದೆ.

5. ಸುದ್ದಿ ನಿಂತದ್ದು ಹೇಗೆ? ರಕ್ತದ ಸಕ್ಕರೆ ಇಳಿದಾಗ ಇನ್ಸುಲಿನ್ ಬರೋದೂ ಕಡಿಮೆಯಾಗುತ್ತದೆ. ಬಂದಿದ್ದನ್ನು ಯಕೃತ್ತು, ಮೂತ್ರಪಿಂಡಗಳು ಒಡೆದು ಹಾಕುತ್ತವೆ.

ಈ ಮಾತುಕತೆ ಎರಡು ಕಡೆ ಕೆಡಬಹುದು. ಮೊದಲನೆಯದು, ಸುದ್ದಿ ಕಳಿಸುವವರೇ ಇಲ್ಲದಿರುವುದು. ಬೀಟಾ ಜೀವಕೋಶಗಳು ನಾಶವಾದರೆ ಇನ್ಸುಲಿನ್ ಇರುವುದಿಲ್ಲ. ಇದು ಒಂದನೇ ಬಗೆಯ ಮಧುಮೇಹ. ಹಿಂದೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೋನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಮೊದಲ ಸಲ ಅಷ್ಟಾಗಿ ಫಲ ಸಿಗಲಿಲ್ಲ. ಶುದ್ಧಿ ಮಾಡಿ ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು, ಹುಡುಗ ಚೇತರಿಸಿಕೊಂಡ. ಅವನಿಗೆ ಆಗ ಹೆಚ್ಚುಕಡಿಮೆ ನಮ್ಮದೇ ವಯಸ್ಸು!

ಎರಡನೆಯದು, ಸುದ್ದಿ ಬಂದರೂ ಜೀವಕೋಶಗಳು ಸರಿಯಾಗಿ ಕಿವಿಗೊಡದಿರುವುದು. ಬರಬರುತ್ತಾ ಬೀಟಾ ಜೀವಕೋಶಗಳೂ ಸೋಲುತ್ತವೆ. ಇದು ಎರಡನೇ ಬಗೆ, ಅಜ್ಜಿಗಿರೋದು ಇದೇ. ಕಾಫಿಗೆ ಸಕ್ಕರೆ ಹಾಕದಿದ್ದರೂ ಮುದ್ದೆ, ಅನ್ನ ಎಲ್ಲವೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತವೆ. ಇನ್ಸುಲಿನ್ ಮಾತು ಕೇಳದ ಯಕೃತ್ತೂ ಸಕ್ಕರೆ ಬಿಡುತ್ತಲೇ ಇರುತ್ತದೆ. ಅಜ್ಜಿ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಅದನ್ನು ತಗ್ಗಿಸುತ್ತದೆ. ಇನ್ನೊಂದು ವಿಷಯ: ನಡೆಯುವಾಗ ದುಡಿಯುವ ಸ್ನಾಯು, ಇನ್ಸುಲಿನ್ ಹೇಳದಿದ್ದರೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ಅಂಗಾದ್ರೆ ನನ್ನ ಮೈಯೇ ಮಾತು ಕೇಳ್ತಿಲ್ಲ ಅನ್ನು" ಅಂತ ನಕ್ಕರು. ಮಾತ್ರೆ ಬಿಡಲಿಲ್ಲ. ಈಗ ಸಂಜೆ ನನ್ನ ಜೊತೆ ಕೆರೆ ಏರಿವರೆಗೆ ನಡೆದು ಬರುತ್ತಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಮಾತ್ರೆ ಬಿಡ್ತೀನಿ ಅಂದರೆ, ಡಾಕ್ಟರನ್ನು ಕೇಳದೆ ಬಿಡಬೇಡಿ ಅಂತ ಹೇಳಿ.

ನಿಮಗೊಂದು ಪ್ರಶ್ನೆ: ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಅನ್ನುತ್ತದಲ್ಲ, ಆಗ ಬರುವ ಅಡ್ರಿನಾಲಿನ್‌ಗೆ ಇದೇ ಐದು ಪ್ರಶ್ನೆ ಕೇಳಿ ನೋಡಿ. ಉತ್ತರ ಬರೆದು ತನ್ನಿ, ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

— ಹತ್ತನೇ ತರಗತಿಯ ವಿದ್ಯಾರ್ಥಿ