ಸುಟ್ಟ ವಾಸನೆಗೆ ವಾರಂಟಿ ಇಲ್ಲ

ಕಾರಿನ ಎಕ್ಸ್‌ಟೆಂಡೆಡ್ ವಾರಂಟಿಗೆ ನಾನು ಕೊಟ್ಟದ್ದು 16,500 ರೂಪಾಯಿ. ಅದರಲ್ಲಿ ಒಂದು ನಟ್ಟು ಕೂಡ ಬದಲಾಗಲಿಲ್ಲ. ಮೂರು ವರ್ಷದ ಆ ಅವಧಿ ಮುಗಿಯುವ ಮೊದಲೇ ಕ್ಲಚ್ ಸುಟ್ಟಿತು, ಬಿಲ್ಲು 24,426 ರೂಪಾಯಿ ಬಂತು, ಅಷ್ಟೂ ನನ್ನ ಜೇಬಿನಿಂದಲೇ ಹೋಯಿತು.

ಕಬ್ಬಿನ ಹಂಗಾಮಿನಲ್ಲಿ ಅಗರಖೇಡದಿಂದ ಇಂಡಿಗೆ ಕಾರು ಓಡಿಸಿದವರಿಗೆ ಕ್ಲಚ್ ಯಾಕೆ ಸುಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಭೀಮಾ ದಂಡೆಯ ಕಬ್ಬೆಲ್ಲ ಫ್ಯಾಕ್ಟರಿ ಹಾದಿ ಹಿಡಿದಿರುತ್ತದೆ. ಮುಂದೊಂದು ಜೋಡಿ ಟ್ರಾಲಿಯ ಟ್ರ್ಯಾಕ್ಟರ್, ಎದುರಿಗೆ ಇನ್ನೊಂದು, ಪಕ್ಕಕ್ಕೆ ಇಳಿಸೋಣವೆಂದರೆ ಎರಿ ಮಣ್ಣು. ಎಡಗಾಲು ಪೆಡಲ್ ಬಿಟ್ಟು ಏಳುವುದೇ ಇಲ್ಲ. ಅರ್ಧ ಕ್ಲಚ್ಚಿನಲ್ಲಿ ಪ್ಲೇಟು ಫ್ಲೈವೀಲಿಗೆ ಉಜ್ಜುತ್ತ ಕಾಯುತ್ತದೆ. ಆಗ ಬರುವುದು ಹಳೇ ಕಾಗದ ಸುಟ್ಟಂಥ ಕಮಟು ವಾಸನೆ.

ಆ ವಾಸನೆ ಬಂದ ಮೊದಲ ವಾರವೇ ಇಂಡಿಯ ಮಿಸ್ತ್ರಿ ಬಾನೆಟ್ ತೆಗೆಯದೆಯೇ ಹೇಳಿದ: "ಕಾಕಾ, ಇದು ಎಣ್ಣಿ ವಾಸನಿ ಅಲ್ಲರಿ, ಪ್ಲೇಟ್ ಸುಟ್ಟಿದ್ದು. ಈಗ ಬಿಚ್ಚಿದ್ರ ಫ್ಲೈವೀಲ್ ಉಳೀತದ." ಅವನ ಕೈಗೆ ಗಾಡಿ ಕೊಡುವಂತಿರಲಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಿದರೆ ವಾರಂಟಿ ರದ್ದು ಎಂದು ಕರಾರಿನಲ್ಲಿತ್ತು. ಕಂಪನಿ ವರ್ಕ್‌ಶಾಪಿನ ಅಪಾಯಿಂಟ್‌ಮೆಂಟಿಗೆ ಕಾಯುತ್ತ ಅದೇ ಟ್ರ್ಯಾಕ್ಟರುಗಳ ಹಿಂದೆ ಇನ್ನೂ ಕೆಲವು ವಾರ ಓಡಿಸಿದ್ದಾಯಿತು. ಕೊನೆಗೆ ಗೇರ್‌ಬಾಕ್ಸ್ ಇಳಿಸಿದಾಗ ಫ್ಲೈವೀಲಿನ ಮೈ ತುಂಬ ನೀಲಿ ಕಲೆ, ಕೂದಲೆಳೆಯಂಥ ಬಿರುಕು. ಕಲೆ ಅಷ್ಟೇ ಇದ್ದಿದ್ದರೆ ಲೇಥಿಗೆ ಹಾಕಿ ಮೈ ತೆಗೆಸಬಹುದಿತ್ತು. ಬಿರುಕು ಬಿಟ್ಟದ್ದನ್ನು ಎಸೆಯಲೇಬೇಕು.

ಲೆಕ್ಕ ಹೀಗಿದೆ. ಕ್ಲಚ್ ಸೆಟ್ 7,800, ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ 3,600, ಗೇರ್ ಆಯಿಲ್ 900. ಒಟ್ಟು 12,300. ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ 2,214. ಅಲ್ಲಿಗೆ 14,514. (2025ರ ಸೆಪ್ಟೆಂಬರ್ 22ರ ಮೊದಲಾಗಿದ್ದರೆ ಬಿಡಿಭಾಗಕ್ಕೆ 28 ಪರ್ಸೆಂಟ್ ಕಕ್ಕಬೇಕಿತ್ತು.) ಫ್ಲೈವೀಲ್ 8,400, ತೆರಿಗೆ ಸೇರಿ 9,912. ಎರಡೂ ಕೂಡಿ 24,426. ಮಿಸ್ತ್ರಿ ಹೇಳಿದ ವಾರವೇ ಬಿಚ್ಚಿಸಿದ್ದರೆ 14,514ಕ್ಕೇ ಮುಗಿಯುತ್ತಿತ್ತು. ಮಿಕ್ಕ 9,912 ಕಾಯ್ದದ್ದಕ್ಕೆ ತೆತ್ತದ್ದು. ಕಾಯಿಸಿದ್ದು ವಾರಂಟಿ.

ವಾರಂಟಿಯ ಲೆಕ್ಕವನ್ನೂ ಮಾಡೋಣ. 16,500ನ್ನು ಮೂರು ವರ್ಷದ 1,095 ದಿನಕ್ಕೆ ಹಂಚಿದರೆ ದಿನಕ್ಕೆ 15 ರೂಪಾಯಿ ಚಿಲ್ಲರೆ. ಅಷ್ಟೇ ಹಣವನ್ನು ಪತ್ತಿನ ಸಂಘದ ಪಿಗ್ಮಿಗೆ ಕಟ್ಟಿದ್ದರೆ ಬಡ್ಡಿ ಬಿಟ್ಟು 16,425 ಆಗುತ್ತಿತ್ತು. ಕ್ಲಚ್ಚಿನ 14,514 ಕೊಟ್ಟು 1,911 ಉಳಿಯುತ್ತಿತ್ತು. ಪಿಗ್ಮಿ ನಮ್ಮ ನಾಡಿನದೇ ಉಳಿತಾಯ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ಅದಕ್ಕೆ ಷರತ್ತಿನ ಪುಟವಿಲ್ಲ, ಯಾವ ಮಿಸ್ತ್ರಿಯ ಹತ್ತಿರ ಹೋದಿರಿ ಎಂದು ಅದು ಕೇಳುವುದೂ ಇಲ್ಲ.

ವರ್ಕ್‌ಶಾಪಿನ ಕೌಂಟರಿನಲ್ಲಿದ್ದ ಹುಡುಗ ತೋರಿಸಿದ ಪುಟದಲ್ಲಿ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬೆಲ್ಟು, ಹೋಸ್ ಪೈಪು, ವೈಪರು, ಬಲ್ಬು ಎಲ್ಲವೂ "ಸವೆಯುವ ಭಾಗ" ಎಂದು ಪಟ್ಟಿಯಾಗಿದ್ದವು. ಅಂದರೆ ನಮ್ಮ ರಸ್ತೆಯಲ್ಲಿ ಯಾವುದು ಕೆಡುತ್ತದೋ ಅದಕ್ಕೆಲ್ಲ ವಾರಂಟಿ ಇಲ್ಲ. ಇಂಜಿನ್ ಒಳಗಿನದು ಕೆಟ್ಟರೆ ಉಂಟಂತೆ. ಟೈಮಿಗೆ ಸರಿಯಾಗಿ ಆಯಿಲ್ ಬದಲಿಸಿದ ಇಂಜಿನ್ ನಾಲ್ಕೈದು ವರ್ಷಕ್ಕೆ ಎಲ್ಲಿ ಕೆಡುತ್ತದೆ? ಮಾರುವಾಗ ಈ ಪುಟ ತೋರಿಸುವುದಿಲ್ಲ, ಬಿಲ್ಲು ಮಾಡುವಾಗ ತೋರಿಸುತ್ತಾರೆ. ಇಂಥದ್ದನ್ನು ನಾನು ಇನ್ನು ಕೊಳ್ಳುವವನಲ್ಲ.

ಎಲ್ಲ ಸುಟ್ಟ ವಾಸನೆಯೂ ಕ್ಲಚ್ಚಿನದಲ್ಲ. ಎಣ್ಣೆ ಕಮರಿದಂತಿದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರಿ ಸೈಲೆನ್ಸರಿನ ಮೇಲೆ ಹನಿಯುತ್ತಿರಬಹುದು. ಕೆಲವು ನೂರು ರೂಪಾಯಿಯ ಕೆಲಸ. ಒಂದೇ ಗಾಲಿ ಕಾದಿದ್ದರೆ ಬ್ರೇಕ್ ಹಿಡಿದಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆಯಾದರೆ ಇಗ್ನಿಷನ್ ಆಫ್ ಮಾಡಿ ಎಲ್ಲರೂ ಕೆಳಗಿಳಿಯಿರಿ, ಇಲಿ ವೈರು ಕಡಿದಿರಬಹುದು. ರಾಶಿಯ ದಿನಗಳಲ್ಲಿ ಇನ್ನೂ ಒಂದು ಕಾಟ: ರಸ್ತೆಯ ಮೇಲೆ ಒಕ್ಕಲು ಹಾಕಿದ ಹುರುಳಿ ಬಳ್ಳಿ, ಸಜ್ಜೆ ದಂಟು ಅಡಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಕಾರೇ ಹೊತ್ತಿಕೊಳ್ಳುತ್ತದೆ. ಕರ್ನಾಟಕದಲ್ಲಿ ಹಾಗೆ ಸುಟ್ಟ ಕಾರುಗಳಿವೆ. ರಾಶಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಬಗ್ಗಿ ಅಡಿ ನೋಡುವುದಕ್ಕೆ ದುಡ್ಡು ಬೀಳುವುದಿಲ್ಲ. ಆದರೆ ನಮ್ಮ ಮಂದಿಗೆ ಬಗ್ಗುವುದೆಂದರೆ ಅವಮಾನ. ವಾಸನೆ ಬಂದರೆ ಗ್ಲಾಸ್ ಏರಿಸಿ ಏಸಿ ಹಾಕುತ್ತಾರೆ. ಪೆಡಲಿನ ಮೇಲೆ ಕಾಲಿಟ್ಟೇ ಓಡಿಸುವ ಚಟವನ್ನೂ ಮನೆಯ ಹುಡುಗರಿಗೆ ಬಿಡಿಸಬೇಕು. ಹೇಳಿದರೆ ನಗುತ್ತಾರೆ, ಬಿಲ್ಲು ಕಟ್ಟುವವರು ಅವರಲ್ಲವಲ್ಲ.

ಹೊತ್ತಿ ಉರಿದ ಕಾರಿಗೆ ದುಡ್ಡು ಬರುವುದು ವಿಮೆಯಿಂದ, ಅದೂ ಓನ್ ಡ್ಯಾಮೇಜ್ ಇದ್ದರೆ ಮಾತ್ರ. 1,000ದಿಂದ 1,500 ಸಿಸಿಯ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಕಾರು ಹಳೆಯದಾಯಿತೆಂದು ನಮ್ಮ ಕಡೆ ಬಹಳ ಜನ ಅಷ್ಟನ್ನೇ ಕಟ್ಟಿ ಸುಮ್ಮನಾಗುತ್ತಾರೆ. ಅದರಲ್ಲಿ ನಿಮ್ಮ ಕಾರಿನ ಬೆಂಕಿಗೆ ಒಂದು ಪೈಸೆಯೂ ಇಲ್ಲ. ಈ ಸಲ ರಾಶಿ ಶುರುವಾಗುವ ಮೊದಲು ಪಾಲಿಸಿ ತೆಗೆದು ಓನ್ ಡ್ಯಾಮೇಜ್ ಪ್ರೀಮಿಯಂ ಕಾಲಂ ನೋಡಿ. ಅಲ್ಲಿ ಸೊನ್ನೆ ಇದ್ದರೆ, ವಾರಂಟಿಗೆಂದು ಎತ್ತಿಟ್ಟ ದುಡ್ಡನ್ನು ಅದಕ್ಕೆ ಕಟ್ಟಿ.